ಉತ್ತರ ಕನ್ನಡದಿಂದ ದೊಡ್ಡ ದಿನಪತ್ರಿಕೆಗೆ ವರದಿ ಮಾಡುವವರಿಗೆ ಒಂದು ಕೈಪಿಡಿ

ರಾಜ್ಯಮಟ್ಟದ ದಿನಪತ್ರಿಕೆಯೊಂದು ನಿಮ್ಮನ್ನು ಅಂಕೋಲೆಗೋ ಸಿದ್ದಾಪುರಕ್ಕೋ ವರದಿಗಾರರನ್ನಾಗಿ ನೇಮಿಸಿಕೊಂಡರೆ, ನೀವು ಓಡಾಡುವುದು ನಿಮ್ಮ ತಾಲ್ಲೂಕಿನಲ್ಲಿಯೇ ಆದರೂ ನಿಮ್ಮ ಸುದ್ದಿ ಅಚ್ಚಿಗೆ ಸಿದ್ಧವಾಗುವುದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುವ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗದಲ್ಲಿ, ಅರಬೈಲು ಘಟ್ಟವನ್ನು ಬಹುಶಃ ಒಮ್ಮೆಯೂ ಇಳಿದಿರದ ಉಪಸಂಪಾದಕರ ಕೈಯಲ್ಲಿ. ಹೊಸಬರಲ್ಲಿ ಹೆಚ್ಚಿನವರು ಇದನ್ನು ಬರವಣಿಗೆಯ ಕೆಲಸವೆಂದು ಭಾವಿಸಿ ಬರುತ್ತಾರೆ. ಸ್ಥಳವನ್ನು ಕಾಣದವರು ತಪ್ಪಾಗಿ ಅರ್ಥ ಮಾಡಿಕೊಳ್ಳಲು ಆಸ್ಪದವಿಲ್ಲದಂತೆ ಖಚಿತವಾದ ಸಂಗತಿಯನ್ನು ಗಡುವಿನೊಳಗೆ ತಲುಪಿಸುವುದರಲ್ಲಿಯೇ ಇಲ್ಲಿ ದಿನದ ಬಹುಪಾಲು ಕಳೆಯುತ್ತದೆ ಎಂಬುದು ಕೆಲವು ತಿಂಗಳುಗಳ ನಂತರವಷ್ಟೇ ಅವರಿಗೆ ತಿಳಿಯುತ್ತದೆ. ಅದನ್ನು ಮೊದಲೇ ತಿಳಿದು ಸೇರಿದವರಿಗೆ ಕೆಲಸ ಸುಲಭವಾಗುತ್ತದೆ.

ಕಾರವಾರದ ‘ಕರಾವಳಿ ಮುಂಜಾವು’, ಶಿರಸಿಯ ‘ಲೋಕಧ್ವನಿ’ಯಂತಹ ಸ್ಥಳೀಯ ದಿನಪತ್ರಿಕೆಗಳಲ್ಲಿ ಜಿಲ್ಲೆಯೇ ಇಡೀ ಪತ್ರಿಕೆ. ದೊಡ್ಡ ಪತ್ರಿಕೆಯಲ್ಲಿ ಹಾಗಲ್ಲ. ಹನ್ನೆರಡು ತಾಲ್ಲೂಕುಗಳಿಗೆ ಸೇರಿ ಒಂದೆರಡು ಪುಟ ಸಿಗುತ್ತದೆ, ಅದರಲ್ಲಿಯೂ ಜಾಹೀರಾತು ಬಂದ ದಿನ ಅರ್ಧ ಜಾಗ ಹೋಗುತ್ತದೆ. ಆದ್ದರಿಂದ ಶಾಲಾ ವಾರ್ಷಿಕೋತ್ಸವ, ಸಂಘದ ಪದಾಧಿಕಾರಿಗಳ ಆಯ್ಕೆ, ಸನ್ಮಾನ ಸಮಾರಂಭಗಳನ್ನು ಸ್ಥಳೀಯ ಪತ್ರಿಕೆಯಷ್ಟು ವಿವರವಾಗಿ ಕೊಡಲು ಹೋಗಬೇಡಿ. ಅವು ‘ಸಂಕ್ಷಿಪ್ತ ಸುದ್ದಿ’ಯ ನಾಲ್ಕು ಸಾಲಿಗೆ ಸೀಮಿತ ಎಂಬುದನ್ನು ಸಂಘಟಕರಿಗೆ ಮೊದಲೇ ತಿಳಿಸಿದರೆ ಮರುದಿನದ ಮುನಿಸು ತಪ್ಪುತ್ತದೆ.

ವ್ಯವಸ್ಥೆಯನ್ನೂ ಅರಿತುಕೊಳ್ಳಬೇಕು. ಜಿಲ್ಲಾಧಿಕಾರಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲಾ ಪಂಚಾಯಿತಿ ಕಚೇರಿಗಳಿರುವ ಕಾರವಾರದಲ್ಲಿ ಪೂರ್ಣಾವಧಿಯ ಜಿಲ್ಲಾ ವರದಿಗಾರರಿರುತ್ತಾರೆ. ಘಟ್ಟದ ಮೇಲಿನ ತಾಲ್ಲೂಕುಗಳ ವ್ಯವಹಾರವೆಲ್ಲ ಶಿರಸಿಯ ಸುತ್ತಲೇ ನಡೆಯುವುದರಿಂದ ಅನೇಕ ಪತ್ರಿಕೆಗಳು ಅಲ್ಲಿಯೂ ಒಬ್ಬರನ್ನು ಇಟ್ಟುಕೊಳ್ಳುತ್ತವೆ. ಉಳಿದ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಅರೆಕಾಲಿಕ ವರದಿಗಾರರೇ ಇರುತ್ತಾರೆ. ಡೆಸ್ಕು ನೇರವಾಗಿ ನಿಮಗೆ ಕರೆ ಮಾಡಬಹುದು, ಆದರೆ ನೀವು ಮೊದಲು ಮಾತನಾಡಬೇಕಾದದ್ದು ಜಿಲ್ಲಾ ವರದಿಗಾರರೊಂದಿಗೆ. ಈ ಕ್ರಮ ತಪ್ಪಿದರೆ ಒಂದೇ ಸುದ್ದಿ ಇಬ್ಬರಿಂದ ಎರಡು ಬಗೆಯ ಅಂಕಿಗಳೊಂದಿಗೆ ಹೋಗುತ್ತದೆ.

ದಿನ ಮತ್ತು ಗಡುವು

ಬೆಳಿಗ್ಗೆ ಎದ್ದೊಡನೆ ನಿಮ್ಮ ಪತ್ರಿಕೆಯನ್ನು ಓದುವುದಕ್ಕಿಂತ ಮೊದಲು ಇತರ ಪತ್ರಿಕೆಗಳನ್ನು ಓದಿ, ಸ್ಥಳೀಯ ದಿನಪತ್ರಿಕೆಗಳನ್ನು ಬಿಡದೆ ಓದಿ. ನಿಮ್ಮ ತಾಲ್ಲೂಕಿನ ಯಾವ ಸುದ್ದಿ ನಿಮ್ಮಲ್ಲಿ ಬಂದಿಲ್ಲ ಎಂಬ ಪ್ರಶ್ನೆ ಹತ್ತು ಗಂಟೆಯೊಳಗೆ ಮೇಲಿನಿಂದ ಬರುತ್ತದೆ, ಮತ್ತು ಅದಕ್ಕೆ ‘ಗೊತ್ತಿರಲಿಲ್ಲ’ ಎಂಬ ಉತ್ತರಕ್ಕಿಂತ ‘ಗೊತ್ತಿತ್ತು, ಈ ಕಾರಣಕ್ಕೆ ಬಿಟ್ಟೆ’ ಎಂಬ ಉತ್ತರ ಯಾವಾಗಲೂ ಉತ್ತಮ. ಅನಂತರ ಅಂದಿನ ಸುದ್ದಿಗಳ ಪಟ್ಟಿಯನ್ನು ಕಳುಹಿಸಬೇಕು. ಪಟ್ಟಿಯಲ್ಲಿ ಪ್ರತಿ ಸುದ್ದಿಯ ಮುಂದೆ ಫೋಟೊ ಇದೆಯೇ, ಸುಮಾರು ಎಷ್ಟು ಪದ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬ ಮೂರು ಸಂಗತಿಗಳಿರಲಿ, ಏಕೆಂದರೆ ಪುಟದ ಲೀಡ್ (ಮುಖ್ಯ ಸುದ್ದಿ) ಯಾವುದು, ಬಾಕ್ಸ್ (ಚೌಕಟ್ಟಿನೊಳಗಿನ ಸುದ್ದಿ) ಯಾವುದು ಎಂಬುದು ಬಹುಮಟ್ಟಿಗೆ ಈ ಪಟ್ಟಿಯ ಮೇಲೆಯೇ ನಿರ್ಧಾರವಾಗುತ್ತದೆ. ಪಟ್ಟಿಯಲ್ಲಿ ಹೆಸರಿಸಿದ ಸುದ್ದಿ ಸಂಜೆ ಬರಲಿಲ್ಲವಾದರೆ ಡೆಸ್ಕಿನವರು ಕೊನೆಯ ಕ್ಷಣದಲ್ಲಿ ಆ ಜಾಗವನ್ನು ತುಂಬಲು ಒದ್ದಾಡಬೇಕಾಗುತ್ತದೆ, ಮತ್ತು ಅದನ್ನು ಅವರು ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ.

ಗಡುವು ಪತ್ರಿಕೆಯಿಂದ ಪತ್ರಿಕೆಗೆ ಬೇರೆಯಾದರೂ ಅದರ ಹಿಂದಿನ ಕಾರಣ ಒಂದೇ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರ್, ಕಾರವಾರಕ್ಕೆ ಸುಮಾರು 165 ಕಿಲೋಮೀಟರ್. ಕಾರವಾರದ ಬಂಡಲುಗಳು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಯ ಮೂಲಕ ನಸುಕಿಗೆ ಏಜೆಂಟರ ಕೈ ಸೇರಬೇಕು, ಅಲ್ಲಿಂದ ಹುಡುಗರು ಸೈಕಲ್ಲಿನಲ್ಲೋ ಬೈಕಿನಲ್ಲೋ ಮನೆಮನೆಗೆ ಹಾಕಬೇಕು. ದೂರದ ಆವೃತ್ತಿ ಮೊದಲು ಅಚ್ಚಾಗುತ್ತದೆ, ಹೀಗಾಗಿ ನಮ್ಮ ಜಿಲ್ಲೆಯ ಪುಟ ನಗರದ ಪುಟಕ್ಕಿಂತ ಬಹಳ ಮುಂಚೆ ಮುಚ್ಚುತ್ತದೆ. ಮಳೆಗಾಲದಲ್ಲಿ ಘಟ್ಟದಲ್ಲಿ ಮರವೋ ಮಣ್ಣೋ ಬಿದ್ದರೆ ಈ ಲೆಕ್ಕವೂ ತಪ್ಪುತ್ತದೆ. 2021ರ ಜುಲೈ ಪ್ರವಾಹದಲ್ಲಿ ಗುಳ್ಳಾಪುರದ ಸೇತುವೆಯೇ ಕೊಚ್ಚಿಹೋಗಿ ಆ ಭಾಗದ ಹಳ್ಳಿಗಳ ಸಂಪರ್ಕ ಕಡಿದದ್ದನ್ನು ಯಲ್ಲಾಪುರದವರು ಮರೆತಿಲ್ಲ. ಸುದ್ದಿ ಬರೆಯುವವರಿಗೆ ಸಾಗಣೆಯ ವಿಷಯ ಏಕೆ ಎಂದು ಕೇಳಬೇಡಿ. ಪತ್ರಿಕೆ ಎಂಟು ಗಂಟೆಗೆ ಬಂದ ದಿನ ಬೈಗುಳ ಕೇಳುವವರು ಏಜೆಂಟರು ಮತ್ತು ನೀವು.

ಗಡುವು ಮೀರಿದ ಮೇಲೆ ನಡೆಯುವ ಘಟನೆಗಳಿಗೆ ಒಂದು ವಿಧಾನ ಬೇಕು. ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಸುಕಿನ ಸುಮಾರು ಒಂದು ಗಂಟೆಗೆ. ಆ ಹೊತ್ತಿನ ಘಟನೆ ಜಿಲ್ಲೆಯ ಪುಟಕ್ಕೆ ಎಟುಕುವುದಿಲ್ಲ. ಅಂತಹ ರಾತ್ರಿ ಮಾಡಬೇಕಾದದ್ದು ಇಷ್ಟು: ಖಚಿತವಾದ ಎರಡು ಮೂರು ವಾಕ್ಯಗಳನ್ನು ಮತ್ತು ಒಂದು ಫೋಟೊವನ್ನು ಪತ್ರಿಕೆಯ ಜಾಲತಾಣದ ವಿಭಾಗಕ್ಕೆ ಕಳುಹಿಸಿ, ಮುದ್ರಣದ ಪತ್ರಿಕೆಯ ಚಿಂತೆಯನ್ನು ಬೆಳಗಿನವರೆಗೆ ಬಿಟ್ಟುಬಿಡಿ. ಮರುದಿನ ಸಂಜೆ ನೀವು ಬರೆಯುವ ವರದಿಯನ್ನು ಓದುವವರು ಅದಕ್ಕೆ ಇಡೀ ದಿನ ಮೊದಲೇ ಮೊಬೈಲಿನಲ್ಲಿ ವಿಡಿಯೊ ನೋಡಿರುತ್ತಾರೆ. ‘ಸೇತುವೆ ಕುಸಿದಿದೆ’ ಎಂದು ಅವರಿಗೆ ಮತ್ತೆ ಹೇಳುವುದರಿಂದ ಪ್ರಯೋಜನವಿಲ್ಲ. ಪಕ್ಕದ ಹೊಸ ಸೇತುವೆಯಲ್ಲಿ ಸಂಚಾರ ಯಾವಾಗ, ಯಾವ ಷರತ್ತಿನೊಂದಿಗೆ ಆರಂಭವಾಗುತ್ತದೆ, ಅದರ ಸುರಕ್ಷತೆಯನ್ನು ಪರೀಕ್ಷಿಸಿದವರು ಯಾರು, ಹಳೆಯ ಸೇತುವೆಯ ನಿರ್ವಹಣೆ ಯಾರ ಹೊಣೆಯಾಗಿತ್ತು, ದೂರು ಯಾರ ಮೇಲೆ ಯಾವ ಠಾಣೆಯಲ್ಲಿ ದಾಖಲಾಯಿತು, ಗೋವಾಕ್ಕೆ ಕೆಲಸಕ್ಕೆ ಹೋಗುವವರ ಬಸ್ಸುಗಳು ಯಾವ ದಾರಿಯಲ್ಲಿ ಓಡುತ್ತವೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ವರದಿಯನ್ನಷ್ಟೇ ಅವರು ಮರುದಿನ ಹಣ ಕೊಟ್ಟು ಓದುತ್ತಾರೆ.

ಡೆಸ್ಕಿಗೆ ಗೊಂದಲವಾಗದಂತೆ ಬರೆಯುವುದು

ಮೊದಲ ನಿಯಮ ಸ್ಥಳದ್ದು. ಪ್ರತಿ ಊರಿನ ಹೆಸರಿನೊಂದಿಗೆ ತಾಲ್ಲೂಕಿನ ಹೆಸರನ್ನೂ ಬರೆಯಿರಿ, ಅದು ನಿಮಗೆ ಎಷ್ಟೇ ಅನಗತ್ಯವೆಂದು ತೋರಿದರೂ ಬರೆಯಿರಿ. ಭೂಕುಸಿತದಿಂದ ದೇಶಕ್ಕೆಲ್ಲ ಪರಿಚಿತವಾದ ಶಿರೂರು ಅಂಕೋಲಾ ತಾಲ್ಲೂಕಿನದು, ಆದರೆ ಅದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋದರೆ ಭಟ್ಕಳ ದಾಟಿದ ಕೂಡಲೇ ಉಡುಪಿ ಜಿಲ್ಲೆಯ ಶಿರೂರು ಸಿಗುತ್ತದೆ. ಸಿದ್ದಾಪುರ ನಮ್ಮಲ್ಲಿ ತಾಲ್ಲೂಕು ಕೇಂದ್ರ, ಅದೇ ಹೆಸರಿನ ಊರು ಕುಂದಾಪುರದ ಕಡೆಯೂ ಇದೆ, ಕೊಡಗಿನಲ್ಲಿಯೂ ಇದೆ. ಜೊಯಿಡಾ ತಾಲ್ಲೂಕನ್ನು ಹಳಬರು ಇಂದಿಗೂ ಸೂಪಾ ಎನ್ನುತ್ತಾರೆ, ಆದರೆ ಸೂಪಾ ಎಂದು ಬರೆದರೆ ಡೆಸ್ಕಿನವರು ಅಣೆಕಟ್ಟೆಂದು ತಿಳಿಯುತ್ತಾರೆ. ನದಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡ ನದಿಯೇ ಕೆಳಗೆ ಗಂಗಾವಳಿ. ಯಲ್ಲಾಪುರದ ವರದಿಯಲ್ಲಿ ಬೇಡ್ತಿಯೂ ಅಂಕೋಲೆಯ ವರದಿಯಲ್ಲಿ ಗಂಗಾವಳಿಯೂ ಉಕ್ಕಿ ಹರಿದರೆ, ಎರಡು ನದಿಗಳಿಗೆ ಪ್ರವಾಹ ಬಂದಿದೆ ಎಂಬ ಶೀರ್ಷಿಕೆ ಸಿದ್ಧವಾಗಲು ಹೆಚ್ಚು ಹೊತ್ತು ಬೇಡ.

ವ್ಯಕ್ತಿಗಳ ಹೆಸರಿನಲ್ಲಿಯೂ ಇದೇ ಅಪಾಯವಿದೆ. ಕಾರವಾರದ ಕೊಂಕಣಿ ಉಪನಾಮಗಳು, ಭಟ್ಕಳದ ನವಾಯತ ಹೆಸರುಗಳು, ಅಂಕೋಲೆ ಮತ್ತು ಕುಮಟೆಯ ಹಾಲಕ್ಕಿ ಒಕ್ಕಲಿಗರ ಹೆಸರುಗಳು ಕೇಳಿದಂತೆ ಬರೆದರೆ ತಪ್ಪುತ್ತವೆ. ಸಂಬಂಧಪಟ್ಟವರಿಂದಲೇ ಕನ್ನಡದಲ್ಲಿ ಬರೆಯಿಸಿಕೊಳ್ಳುವುದು ಒಳ್ಳೆಯದು. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ಇಬ್ಬರು ಮಹಿಳೆಯರಿಗೆ ಪದ್ಮಶ್ರೀ ಬಂದಿತ್ತು. ಜನಪದ ಗಾಯಕಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಆ ಗೌರವ ಸಂದಿತು. ಗಿಡಮರಗಳ ಅಪಾರ ತಿಳಿವಳಿಕೆಗೆ ಹೆಸರಾಗಿದ್ದ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ 2020ರ ಸಾಲಿನ ಪ್ರಶಸ್ತಿ ಘೋಷಣೆಯಾಗಿ, 2021ರ ನವೆಂಬರಿನಲ್ಲಿ ಪ್ರದಾನವಾಯಿತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇಬ್ಬರ ಊರು, ಸಾಧನೆ, ವರ್ಷಗಳನ್ನು ಸ್ಥಳೀಯ ವರದಿಗಾರರೇ ಬಿಡಿಸಿ ಬರೆಯದಿದ್ದರೆ, ಎರಡು ತಿಂಗಳ ಅಂತರದಲ್ಲಿ ಬಂದ ಎರಡು ನಿಧನವಾರ್ತೆಗಳಲ್ಲಿ ಒಬ್ಬರ ಬದುಕು ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಗುವುದು ಅಸಾಧ್ಯವೇನಲ್ಲ. ಹಿರಿಯರ ಬಗ್ಗೆ ಅರ್ಧ ಪುಟದ ಟಿಪ್ಪಣಿಯನ್ನು ಅವರು ಬದುಕಿರುವಾಗಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಪತ್ರಿಕಾ ಕಚೇರಿಗಳ ಹಳೆಯ ಪದ್ಧತಿ. ಅದರಲ್ಲಿ ಅಶುಭವೇನೂ ಇಲ್ಲ.

ಅಂಕಿಗಳಿಗೆ ಬಂದರೆ, ಮಳೆಗಾಲದ ಮೊದಲು ಮೂರು ನಾಲ್ಕು ಮಾನಗಳನ್ನು ಮನದಟ್ಟು ಮಾಡಿಕೊಳ್ಳಬೇಕು. ಹವಾಮಾನ ಇಲಾಖೆಯ ಒಂದು ದಿನದ ಮಳೆ ಎಂದರೆ ಹಿಂದಿನ ದಿನದ ಬೆಳಿಗ್ಗೆ 8.30ರಿಂದ ಅಂದಿನ ಬೆಳಿಗ್ಗೆ 8.30ರವರೆಗಿನದು, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನದಲ್ಲ. ಅಷ್ಟು ಹೊತ್ತಿನಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಬರುವ ಅಂಕಿ ಕ್ಯುಸೆಕ್‌ನಲ್ಲಿರುತ್ತದೆ. ಅದು ಒಂದು ಸೆಕೆಂಡಿಗೆ ಹರಿಯುವ ನೀರಿನ ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಟಿಎಂಸಿ ಎಂಬುದು ಸಂಗ್ರಹದ ಅಳತೆ, ಅಂದರೆ ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿಯಾಗುತ್ತದೆ. ಇದು ತಿಳಿದಿದ್ದರೆ, ‘30 ಸಾವಿರ ಟಿಎಂಸಿ ನೀರು ಬಿಡುಗಡೆ’ ಎಂಬಂತಹ ವಾಕ್ಯ ಯಾರೋ ಕಳುಹಿಸಿದ ಸಂದೇಶದಲ್ಲಿ ಕಂಡ ತಕ್ಷಣ ಕೈ ತಡೆಯುತ್ತದೆ. (ಇಷ್ಟೆಲ್ಲ ಶ್ರಮಪಟ್ಟು ಬರೆದ ಮಳೆಯ ವರದಿಗಿಂತ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಎರಡು ಸಾಲನ್ನೇ ಹೆಚ್ಚು ಜನ ಓದುತ್ತಾರೆ. ಆ ಎರಡು ಸಾಲಿನಲ್ಲಿ ಯಾವ ತಾಲ್ಲೂಕು, ಕಾಲೇಜಿಗೂ ರಜೆಯೇ ಎಂಬುದನ್ನು ಜಿಲ್ಲಾಧಿಕಾರಿಯವರ ಆದೇಶ ನೋಡಿಯೇ ಬರೆಯಿರಿ, ಹಳೆಯ ಆದೇಶದ ಚಿತ್ರ ಪ್ರತಿವರ್ಷ ಹೊಸದಾಗಿ ಹರಿದಾಡುತ್ತದೆ.)

ಘಟ್ಟದ ಮೇಲಿನವರು ಪತ್ರಿಕೆ ತೆರೆದರೆ ಮೊದಲು ನೋಡುವುದು ಅಡಿಕೆ ಧಾರಣೆ. ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು, ಕೆಂಪುಗೋಟು, ಕೋಕಾ ಎಂದು ಅಡಿಕೆಯ ಬಗೆಗಳ ಪ್ರಕಾರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಾರುಕಟ್ಟೆಗಳಿಂದ ಪ್ರತಿದಿನ ಬರುವ ಈ ಪಟ್ಟಿಯಲ್ಲಿ ಕ್ವಿಂಟಲ್ಲಿಗೆ ಕನಿಷ್ಠ, ಗರಿಷ್ಠ, ಸರಾಸರಿ ದರಗಳಿರುತ್ತವೆ. ಅದರಲ್ಲಿ ಒಂದು ಅಂಕಿ ತಪ್ಪಿದರೆ, ಮುಖಪುಟದಲ್ಲಿ ಮಂತ್ರಿಯ ಖಾತೆ ತಪ್ಪಿದಾಗ ಬರುವುದಕ್ಕಿಂತ ಹೆಚ್ಚು ಕರೆಗಳು ಬರುತ್ತವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವೇ, ಏಕೆಂದರೆ ಆ ಅಂಕಿಯನ್ನು ನಂಬಿ ಒಬ್ಬ ಬೆಳೆಗಾರ ಅಂದು ಚಾಲಿಯನ್ನು ಮಾರಲು ಒಯ್ದಿರಬಹುದು. ಕರಾವಳಿಯಲ್ಲಿ ಇದೇ ಸ್ಥಾನ ಮೀನುಗಾರಿಕೆಯದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರಿಕ ದೋಣಿಗಳಿಗೆ ಸಂಬಂಧಿಸಿದ್ದು. ನಾಡದೋಣಿಯವರೂ ದಡದಿಂದ ಎಳೆಯುವ ಏಂಡಿ ಬಲೆಯವರೂ ಆಗಲೂ ದಡದ ಬಳಿ ಬಲೆ ಬೀಸುತ್ತಿರುತ್ತಾರೆ. ‘ಮೀನುಗಾರಿಕೆ ಸಂಪೂರ್ಣ ಸ್ಥಗಿತ’ ಎಂದು ಬರೆಯುವ ಮೊದಲು ಒಮ್ಮೆ ಬೈತಖೋಲ್ ಬಂದರಿಗೂ ಕಾರವಾರದ ಮೀನು ಮಾರುಕಟ್ಟೆಗೂ ಹೋಗಿಬನ್ನಿ.

ಸಾವು, ಅಪರಾಧ

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದ ನಂತರದ ವಾರಗಳು, ದೊಡ್ಡ ದುರಂತವನ್ನು ವರದಿ ಮಾಡುವುದು ಹೇಗೆಂಬುದಕ್ಕೆ ಈ ಜಿಲ್ಲೆಯಲ್ಲಿ ಸಿಗುವ ಅತ್ಯಂತ ಕಠಿಣ ಪಾಠ. ಮಣ್ಣಿನಡಿಯಲ್ಲಿ ಸಿಲುಕಿದವರು, ಗಂಗಾವಳಿಗೆ ಬಿದ್ದವರು, ಸುಮ್ಮನೆ ಫೋನಿಗೆ ಸಿಗದವರು ಎಲ್ಲರೂ ಮೊದಲ ದಿನ ಒಂದೇ ಪಟ್ಟಿಯಲ್ಲಿ ಸೇರಿಬಿಡುತ್ತಾರೆ. ಶವ ದೊರೆತು ಗುರುತು ಪತ್ತೆಯಾದವರು ಮಾತ್ರ ‘ಮೃತರು’, ಉಳಿದವರೆಲ್ಲ ‘ನಾಪತ್ತೆಯಾದವರು’ ಎಂಬ ಗೆರೆಯನ್ನು ಎಷ್ಟೇ ಒತ್ತಡ ಬಂದರೂ ದಾಟಬಾರದು. ಕೇರಳದ ಲಾರಿ ಚಾಲಕರೊಬ್ಬರ ದೇಹ ನದಿಯಿಂದ ಮೇಲೆತ್ತಿದ ಲಾರಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನಗಳ ಕಾಲ ಒಂದು ಮನೆಯವರು ಆಸೆಯಿಂದ ಪತ್ರಿಕೆ ನೋಡುತ್ತಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಪದಗಳನ್ನು ಆರಿಸಿ. ಪ್ರತಿ ಸಂಖ್ಯೆಯ ಮುಂದೆಯೂ ಅದನ್ನು ಹೇಳಿದವರು ಯಾರು, ಎಷ್ಟು ಗಂಟೆಗೆ ಹೇಳಿದರು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟರೆ, ರಾತ್ರಿ ಡೆಸ್ಕಿನಿಂದ ‘ಟಿವಿಯಲ್ಲಿ ಬೇರೆ ಸಂಖ್ಯೆ ಬರುತ್ತಿದೆಯಲ್ಲ’ ಎಂದು ಕೇಳಿದಾಗ ತಡವರಿಸಬೇಕಾಗುವುದಿಲ್ಲ.

ಅಪರಾಧ ಸುದ್ದಿಗೆ ಠಾಣೆಯ ಬಾಯಿಮಾತಿಗಿಂತ ಎಫ್‌ಐಆರ್ ಮೇಲು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಲೈಂಗಿಕ ಅಪರಾಧದಂತಹ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಮಿನಡಿ ಶಿಕ್ಷಾರ್ಹ. ಹೆಸರು ಬಿಟ್ಟರೆ ಸಾಕೆಂದು ತಿಳಿಯಬೇಡಿ. ನಲವತ್ತು ಮನೆಗಳ ಮಜರೆಯ ಹೆಸರು, ಬಾಲಕಿ ಓದುವ ತರಗತಿ, ಆರೋಪಿ ಅವಳಿಗೆ ಏನಾಗಬೇಕು ಎಂಬ ಮೂರನ್ನು ಬರೆದರೆ ಹೆಸರು ಬರೆದಂತೆಯೇ ಆಯಿತು. ಇಂತಹ ಪ್ರಕರಣಗಳಲ್ಲಿ ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ, ಏಕೆ ನಿಲ್ಲಿಸಿದ್ದೀರಿ ಎಂಬುದನ್ನು ಡೆಸ್ಕಿಗೆ ಪ್ರತ್ಯೇಕ ಸಾಲಿನಲ್ಲಿ ತಿಳಿಸಿ, ಇಲ್ಲವಾದರೆ ಅವರು ಮತ್ತೊಂದು ಮೂಲದಿಂದ ಊರಿನ ಹೆಸರನ್ನು ಸೇರಿಸಿಬಿಡಬಹುದು. ಆತ್ಮಹತ್ಯೆಯ ವರದಿಯಲ್ಲಿ ವಿಧಾನದ ವಿವರಣೆ, ರೋಚಕ ಶೀರ್ಷಿಕೆ ಇವು ಬೇಡವೆಂದು ಪ್ರೆಸ್ ಕೌನ್ಸಿಲ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಇರಲಿ.

ಹಣ, ಜಾಹೀರಾತು

ಅರೆಕಾಲಿಕ ವರದಿಗಾರರ ಸಂಭಾವನೆ ಹೆಚ್ಚಾಗಿ ತಿಂಗಳಿಗೊಂದು ಸಣ್ಣ ಮೊತ್ತ, ಇಲ್ಲವೇ ಅಚ್ಚಾದ ಸುದ್ದಿಯ ಅಳತೆಯ ಮೇಲೆ. ಸೇರುವ ಮೊದಲು ನೇಮಕದ ಪತ್ರ, ಗುರುತಿನ ಚೀಟಿ, ಪೆಟ್ರೋಲ್ ಮತ್ತು ಮೊಬೈಲ್ ವೆಚ್ಚ, ಅಪಘಾತ ವಿಮೆ ಈ ನಾಲ್ಕನ್ನು ಸಂಕೋಚವಿಲ್ಲದೆ ಕೇಳಿ. ಜೊಯಿಡಾದಂತಹ ತಾಲ್ಲೂಕಿನಲ್ಲಿ ಒಂದು ಸುದ್ದಿಗಾಗಿ ಕಾಡಿನ ದಾರಿಯಲ್ಲಿ ಬೈಕಿನಲ್ಲಿ ಹೋಗಿಬರುವ ಖರ್ಚು ಆ ಸುದ್ದಿಯಿಂದ ಬರುವ ಹಣಕ್ಕಿಂತ ಹೆಚ್ಚು. ತೋಟವೋ, ಅಂಗಡಿಯೋ, ಬೇರೆ ಉದ್ಯೋಗವೋ ಇಲ್ಲದೆ ಇದನ್ನೊಂದೇ ನಂಬಿ ಇಳಿಯುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಂತಹ ಸಂದರ್ಭದಲ್ಲಿ ಪತ್ರಿಕೆಗಳು ವಿಶೇಷ ಪುರವಣಿ ತರುತ್ತವೆ, ಅದಕ್ಕೆ ಜಾಹೀರಾತು ತರುವ ಹೊಣೆ ವರದಿಗಾರರ ಹೆಗಲಿಗೂ ಬೀಳುವುದುಂಟು. ನಿನ್ನೆ ಯಾರಿಂದ ಜಾಹೀರಾತು ಪಡೆದಿರೋ ಇಂದು ಅವರ ವಿರುದ್ಧದ ಸುದ್ದಿಯನ್ನು ಬರೆಯುವುದು ಕಷ್ಟ ಎಂಬುದು ಎಲ್ಲರಿಗೂ ತಿಳಿದಿದೆ, ಯಾರೂ ಹೇಳುವುದಿಲ್ಲ. ಪೂರ್ತಿ ತಪ್ಪಿಸಿಕೊಳ್ಳಲು ಆಗದಿದ್ದರೆ, ಜಾಹೀರಾತಿನ ಹಣ ನಿಮ್ಮ ಕೈಗೆ ಬಾರದೆ ನೇರವಾಗಿ ಪತ್ರಿಕೆಯ ಖಾತೆಗೆ ಹೋಗುವಂತೆ ಮಾಡಿ, ಮತ್ತು ನೀವು ಬರೆಯುವ ಇಲಾಖೆ ಅಥವಾ ಗುತ್ತಿಗೆದಾರರನ್ನು ಏಜೆಂಟರಿಗೆ ಬಿಟ್ಟುಕೊಡಿ. ಚುನಾವಣೆಯ ಕಾಲದಲ್ಲಂತೂ ಸುದ್ದಿಯ ರೂಪದ ಜಾಹೀರಾತಿನ ಮೇಲೆ ಜಿಲ್ಲಾಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿಯ ಕಣ್ಣಿರುತ್ತದೆ.

ಕಳುಹಿಸಿದ ನಂತರ

‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದನ್ನು ಯುನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಕೆಲವೊಮ್ಮೆ ಕೆಡುತ್ತವೆ, ಆದ್ದರಿಂದ ಬದಲಿಸಿದ ಪ್ರತಿಯನ್ನು ಮತ್ತೊಮ್ಮೆ ಓದಿ ಕಳುಹಿಸಿ. ಜಾಗ ಸಾಲದಿದ್ದರೆ ಡೆಸ್ಕು ಕೊನೆಯಿಂದ ಕತ್ತರಿಸುವುದರಿಂದ, ಮುಖ್ಯ ಸಂಗತಿಯೆಲ್ಲ ಮೊದಲ ಎರಡು ಪ್ಯಾರಾಗಳಲ್ಲಿ ಮುಗಿದಿರಬೇಕು. ಫೋಟೊದ ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಹೆಸರುಗಳಿರಲಿ. ಕಳುಹಿಸಿದ ಮೇಲೆ ಪುಟ ಮುಚ್ಚುವವರೆಗೆ ಫೋನನ್ನು ಕೈಯಲ್ಲಿಟ್ಟುಕೊಂಡು, ನೆಟ್‌ವರ್ಕ್ ಇರುವ ಜಾಗದಲ್ಲಿಯೇ ಇರಿ. ಶೀರ್ಷಿಕೆ ಕೊಡುವವರು ನೀವಲ್ಲ. ಆದರೆ ಅದು ಸಂಗತಿಗೆ ವಿರುದ್ಧವಾಗಿದ್ದರೆ ಊರಿನಲ್ಲಿ ಉತ್ತರ ಹೇಳಬೇಕಾದವರು ನೀವೇ, ಆದ್ದರಿಂದ ಸೂಕ್ಷ್ಮ ವರದಿಗಳಿಗೆ ಎರಡು ಶೀರ್ಷಿಕೆಗಳನ್ನು ನೀವೇ ಸೂಚಿಸಿ ಕಳುಹಿಸಿ, ಹೆಚ್ಚಿನ ಉಪಸಂಪಾದಕರು ಅದನ್ನು ಸಂತೋಷದಿಂದಲೇ ಬಳಸುತ್ತಾರೆ. ಅಚ್ಚಾದ ಮೇಲೆ ತಪ್ಪು ಕಂಡರೆ, ಓದುಗರು ಕರೆ ಮಾಡುವ ಮೊದಲೇ ಯಾವ ಪುಟ, ಯಾವ ಸಾಲು, ಸರಿಯಾದದ್ದು ಏನು ಎಂಬುದನ್ನು ಬರೆದು ಜಿಲ್ಲಾ ವರದಿಗಾರರಿಗೂ ಡೆಸ್ಕಿಗೂ ಒಟ್ಟಿಗೆ ಕಳುಹಿಸಿ. ತಿದ್ದುಪಡಿ ಮರುದಿನ ಅದೇ ಪುಟದಲ್ಲಿ ಬಂದಿದೆಯೇ ಎಂದು ನೋಡಿಕೊಂಡು, ಬಾರದಿದ್ದರೆ ಆ ದಿನದ ಸುದ್ದಿಪಟ್ಟಿಯ ಮೊದಲ ಸಾಲಿನಲ್ಲಿ ಅದನ್ನೇ ಮತ್ತೆ ಬರೆಯಿರಿ.